ಎತ್ತರದ ಹುಡುಗ ಯಾರ ಪಾಲಿಗೆ? ಹೈಸ್ಕೂಲು ಆಟಗಾರರಿಗೆ ಕಾಲೇಜುಗಳ ಗಾಳ!

ನವನಗರ: ಹಳೇ ಬಾಗಲಕೋಟೆಯಿಂದ ವಿದ್ಯಾಗಿರಿ ದಾಟಿ ನವನಗರಕ್ಕೆ ಬರುವ ಸಿಟಿ ಬಸ್ಸಿನಲ್ಲಿ ಇಂಥವನನ್ನು ನೀವೂ ನೋಡಿರಬಹುದು. ಹತ್ತನೇ ಇಯತ್ತೆಯ ಹುಡುಗ. ಮೀಸೆ ಸರಿಯಾಗಿ ಮೂಡಿಲ್ಲ, ಆದರೆ ತಲೆ ಬಸ್ಸಿನ ಕಂಬಿಗೆ ತಾಗುತ್ತದೆ. ಪ್ಯಾಂಟು ಹೊಲಿಸಿ ಆರು ತಿಂಗಳಾಗಿಲ್ಲ, ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲೇರಿದೆ. ಪಾಸು ತೋರಿಸಿದರೂ ಕಂಡಕ್ಟರ ಸಂಶಯದಿಂದಲೇ ನೋಡುತ್ತಾನೆ. "ಏನ್ ಉಣಸ್ತಾರೋ ತಮ್ಮಾ ನಿಮ್ಮ ಮನ್ಯಾಗ?" ಅಂತ ಪಕ್ಕದ ಸೀಟಿನ ಅಜ್ಜ ಕೇಳುತ್ತಾನೆ. ಬಸ್ಸೆಲ್ಲ ನಗುತ್ತದೆ. ಅಲ್ಲಿಗೆ ಮುಗಿಯಿತು.

ನಮಗೆ ನಿಮಗೆ ಅದು ನಗೆಯ ಮಾತು. ಆದರೆ ಅದೇ ಬಸ್ಸಿನಲ್ಲಿ ಕಾಲೇಜೊಂದರ ದೈಹಿಕ ಶಿಕ್ಷಣ ನಿರ್ದೇಶಕರು ಕುಳಿತಿದ್ದರೆ ಅವರು ನಗುವುದಿಲ್ಲ ಸ್ವಾಮಿ. ಹುಡುಗನ ಅಂಗೈ ನೋಡುತ್ತಾರೆ, ಪಾದ ನೋಡುತ್ತಾರೆ. "ನಿಮ್ಮಪ್ಪ ಎಷ್ಟು ಎತ್ತರ ಅದಾನ? ನಿಮ್ಮವ್ವ? ಯಾವ ಸಾಲಿ?" ಎಂದು ಕೇಳುತ್ತಾರೆ. ಮೇ ತಿಂಗಳಲ್ಲಿ ಎಸ್.ಎಸ್.ಎಲ್.ಸಿ. ರಿಸಲ್ಟು ಬಂದದ್ದೇ ತಡ, ಆ ಹುಡುಗನ ಮನೆಗೆ ಫೋನು ಬರಲು ಶುರು. ಒಂದು ಫೋನು ಧಾರವಾಡದಿಂದ ಬಂದರೆ ಇನ್ನೊಂದು ಬೆಂಗಳೂರಿನಿಂದ, ಮತ್ತೊಂದು ಘಟ್ಟದ ಕೆಳಗಿನಿಂದ.

ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಕುಳಿತ ಅಪ್ಪ ಕೇಳುವ ಪ್ರಶ್ನೆ ಮಾತ್ರ ಎಲ್ಲ ಕಡೆಯೂ ಒಂದೇ: "ಅಲ್ರೀ ಸರ್, ಚೆಂಡು ಆಡಿದ್ರ ಹೊಟ್ಟಿ ತುಂಬತೈತೇನ್ರಿ?"

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಹುಡುಕುವುದೇ ಈ ವರದಿಯ ಕೆಲಸ.

ಬುಟ್ಟಿಯ ಆಟ, ಹತ್ತು ಅಡಿಯ ಲೆಕ್ಕ

ಬಾಸ್ಕೆಟ್‌ಬಾಲ್ ನಮ್ಮ ನೆಲದ ಆಟವಲ್ಲ. 1891ರ ಡಿಸೆಂಬರಿನಲ್ಲಿ ಅಮೇರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮಾಸ್ತರರು, ಚಳಿಗಾಲದಲ್ಲಿ ಹುಡುಗರು ಹೊರಗೆ ಆಡಲಾಗದೆ ಗಲಾಟೆ ಮಾಡುತ್ತಾರೆಂದು, ಒಳಗೆ ಆಡುವ ಆಟವೊಂದನ್ನು ಕಟ್ಟಿದರು. ಹಣ್ಣು ತುಂಬುವ ಎರಡು ಬುಟ್ಟಿ ತಂದು ಗ್ಯಾಲರಿಯ ಕಟಕಟೆಗೆ ಮೊಳೆ ಹೊಡೆದರು. ಕಟಕಟೆ ಹತ್ತು ಅಡಿ ಎತ್ತರಕ್ಕಿತ್ತು. ಬುಟ್ಟಿಯೂ ಅಷ್ಟೇ ಎತ್ತರದಲ್ಲಿ ಕೂತಿತು. ಇವತ್ತಿಗೂ ಜಗತ್ತಿನ ಎಲ್ಲ ಕಡೆ ರಿಂಗು ಅದೇ ಹತ್ತು ಅಡಿಗೆ, ಅಂದರೆ 3.05 ಮೀಟರಿಗೇ ಇದೆ. ಮೊದಮೊದಲು ಬುಟ್ಟಿಗೆ ತಳ ಇತ್ತಂತೆ! ಚೆಂಡು ಬಿದ್ದಾಗಲೆಲ್ಲ ಏಣಿ ಹಾಕಿ ತೆಗೆಯಬೇಕಿತ್ತು. ತಳ ಕಿತ್ತು ಹಾಕಬೇಕೆಂಬ ಬುದ್ಧಿ ಬರಲು ಕೆಲ ವರ್ಷವೇ ಹಿಡಿಯಿತು.

ವೈ.ಎಂ.ಸಿ.ಎ. ಸಂಸ್ಥೆಯವರ ಕೈಯಿಂದ ಆಟ ಇಂಡಿಯಾಕ್ಕೆ ಬಂತು. 1950ರಲ್ಲಿ ರಾಷ್ಟ್ರೀಯ ಫೆಡರೇಷನ್ ಹುಟ್ಟಿತು. ನಮ್ಮ ಗಂಡಸರ ತಂಡ ಒಲಿಂಪಿಕ್ಸಿನ ಅಂಗಳಕ್ಕೆ ಇಳಿದದ್ದು ಒಂದೇ ಸಲ, 1980ರಲ್ಲಿ, ಮಾಸ್ಕೋದಲ್ಲಿ.

ಈಗ ಲೆಕ್ಕ ನೋಡಿ. ಕೋರ್ಟು 28 ಮೀಟರು ಉದ್ದ, 15 ಮೀಟರು ಅಗಲ. ಒಳಗೆ ಆಡುವವರು ಐದೇ ಮಂದಿ. ಕಬಡ್ಡಿಯಲ್ಲಿ ಏಳು, ಖೋಖೋದಲ್ಲಿ ಒಂಬತ್ತು, ಕ್ರಿಕೆಟ್ಟಿನಲ್ಲಿ ಹನ್ನೊಂದು. ಹನ್ನೊಂದರಲ್ಲಿ ಒಬ್ಬ ಹೆಚ್ಚು ಕಡಿಮೆಯಾದರೆ ನಡೆದೀತು. ಐದರಲ್ಲಿ ಒಬ್ಬ ಅಂದರೆ ರೂಪಾಯಿಗೆ ಇಪ್ಪತ್ತು ಪೈಸೆ! ಚೆಂಡು ರಿಂಗಿಗೆ ತಾಗಿ ಹೊರಗೆ ಪುಟಿದಾಗ ಯಾರ ಕೈ ಮೇಲಿರುತ್ತದೋ ಆಟ ಅವರದು. ಹೀಗಾಗಿ ಕೋಚುಗಳು ಎತ್ತರದ ಹುಡುಗನ ಬೆನ್ನು ಹತ್ತುವುದು. ಓಡಲು ಕಲಿಸಬಹುದು, ಎಸೆಯಲು ಕಲಿಸಬಹುದು, ಎತ್ತರವನ್ನು ಯಾವ ಸಂತೆಯಲ್ಲಿ ಕೊಂಡು ತರುತ್ತೀರಿ?

ಹುಡುಗರನ್ನು ಒಯ್ಯುವುದು ಹೊಸ ಮಾತಲ್ಲ

ಪೈಲ್ವಾನರನ್ನು ಎಳೆಯ ವಯಸ್ಸಿನಲ್ಲೇ ಆರಿಸಿ ಒಯ್ಯುವುದು ನಮ್ಮ ಭಾಗಕ್ಕೆ ಹೊಸತೇ? ಮುಧೋಳ, ಜಮಖಂಡಿ ಕಡೆಯ ಹಿರಿಯರನ್ನು ಕೇಳಿ. ಊರ ಗರಡಿಯಲ್ಲಿ ಹುಡುಗನೊಬ್ಬ ತನಗಿಂತ ದೊಡ್ಡವರನ್ನು ಚಿತ್ ಮಾಡಿದ ಸುದ್ದಿ ಹಬ್ಬಿದರೆ ಕೊಲ್ಲಾಪುರದ ತಾಲೀಮಿನಿಂದ ಕರೆ ಬರುತ್ತಿತ್ತು. ಶಾಹು ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ ಇಂದಿಗೂ ಅಲ್ಲಿದೆ. ಹಾಲು, ತುಪ್ಪ, ಬಾದಾಮಿ. ಖುರಾಕು ವಸ್ತಾದನ ಹೊಣೆ, ಮಣ್ಣಿನಲ್ಲಿ ಬೆವರು ಸುರಿಸುವುದು ಹುಡುಗನ ಹೊಣೆ. ಯಾವ ಕಾಗದವೂ ಇಲ್ಲ, ಪತ್ರವೂ ಇಲ್ಲ. ಗೆದ್ದರೆ ಊರಿಗೆ ಮೆರವಣಿಗೆ. ಮೊಣಕಾಲು ಮುರಿದರೆ? ಮರಳಿ ಹೊಲ.

ಇನ್ನು ಸೈಕಲ್. ಬಾಗಲಕೋಟೆ, ವಿಜಯಪುರ ಎಂದರೆ ರಾಷ್ಟ್ರ ಮಟ್ಟದ ಸೈಕಲ್ ಸ್ಪರ್ಧೆಯಲ್ಲಿ ಹೆಸರು ಹಿಡಿದು ಗುರುತಿಸುವ ಜಿಲ್ಲೆಗಳು. ಇದು ತಾನಾಗಿ ಆದದ್ದಲ್ಲ. ಕ್ರೀಡಾ ಇಲಾಖೆಯ ವಸತಿ ನಿಲಯಕ್ಕೆ ಮಕ್ಕಳನ್ನು ಆರಿಸುವಾಗ ಎತ್ತರ, ತೂಕ, ಓಟ, ಜಿಗಿತ ಎಲ್ಲ ಅಳೆದು ನೋಡುತ್ತಾರೆ. ಆಯ್ಕೆಯಾದ ಮಗುವಿಗೆ ಊಟ, ವಸತಿ, ತರಬೇತಿ, ಸಾಲಿ ಎಲ್ಲ ಒಂದೇ ಕಡೆ. ರೈತರ, ಕೂಲಿಕಾರರ ಮಕ್ಕಳು ಹಾಗೆ ಸೈಕಲ್ಲೇರಿ ರಾಷ್ಟ್ರದ ಪದಕ ತಂದು, ರೈಲ್ವೆಯಲ್ಲಿ ನೌಕರಿ ಹಿಡಿದು, ಮನೆಗೆ ಪಗಾರ ಕಳಿಸುತ್ತಿದ್ದಾರೆ. ಅಂಗಡಿಯ ಅಪ್ಪನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ ನೋಡಿ. ಪೊಲೀಸ್ ಇಲಾಖೆಯಲ್ಲೂ ರೈಲ್ವೆಯಲ್ಲೂ ಕ್ರೀಡಾಪಟುಗಳಿಗೆಂದೇ ಜಾಗ ಇವೆ. ಬಾಸ್ಕೆಟ್‌ಬಾಲಿಗೂ ಇವೆ. ಆದರೆ ಆ ಬಾಗಿಲು ತೆರೆಯುವುದು ರಾಜ್ಯ, ರಾಷ್ಟ್ರ ಮಟ್ಟದ ಸರ್ಟಿಫಿಕೇಟಿಗೆ. ಓಣಿಯ ಕಪ್ಪಿಗೆ ಅಲ್ಲ.

ಘಟ್ಟದ ಕೆಳಗಿನ ದಾರಿ

ಕಾಲೇಜೇ ಹುಡುಗರನ್ನು ಹುಡುಕಿ ತಂದು ಸಾಕುವ ಪದ್ಧತಿಗೆ ನಮ್ಮ ರಾಜ್ಯದಲ್ಲಿ ದಕ್ಷಿಣ ಕನ್ನಡ ಹೆಸರುವಾಸಿ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ 'ಕ್ರೀಡಾ ದತ್ತು' ಎಂಬ ಹೆಸರಿನಲ್ಲೇ ಆಟಗಾರರಿಗೆ ಉಚಿತ ಶಿಕ್ಷಣ, ಊಟ, ವಸತಿ ಕೊಡುತ್ತದೆ. ಡಾ. ಮೋಹನ ಆಳ್ವರು ಕಟ್ಟಿದ ಆ ಸಂಸ್ಥೆಯಲ್ಲಿ ಶಾಲೆಯಿಂದ ಸ್ನಾತಕೋತ್ತರದವರೆಗೆ ಎಲ್ಲವೂ ಒಂದೇ ಆಡಳಿತದಲ್ಲಿವೆ. ಅಲ್ಲಿ ಆಡುವವರಲ್ಲಿ ಉತ್ತರ ಕರ್ನಾಟಕದ ಮಕ್ಕಳು ಬಹಳ. ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸಿನಲ್ಲಿ ಮಂಗಳೂರು ವಿ.ವಿ. ಮೇಲೆ ಬಂದ ಹಿಂದೆ ಈ ದತ್ತು ಮಕ್ಕಳ ಕಾಲುಗಳಿವೆ.

ಉಜಿರೆಯ ಎಸ್.ಡಿ.ಎಂ. ಕಾಲೇಜಿನ ಕಥೆ ಇನ್ನೂ ಚಂದ. ಕುಂದಾಪುರ ಕಡೆಯ ವಂಡ್ಸೆಯ ಗುರುರಾಜ ಪೂಜಾರಿ, ಪಿಕಪ್ ವಾಹನದ ಡ್ರೈವರರ ಮಗ, ಕುಸ್ತಿಯ ಹುಚ್ಚಿನವರು. 2010ರ ಹೊತ್ತಿಗೆ ಕಾಲೇಜು ಸೇರಿದಾಗ ಅಲ್ಲಿಯ ಕೋಚ್ ರಾಜೇಂದ್ರ ಪ್ರಸಾದರು ಮೈಕಟ್ಟು ನೋಡಿ, ಕುಸ್ತಿ ಬೇಡ, ಭಾರ ಎತ್ತು ಎಂದು ತಿರುಗಿಸಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ. ಆ ಕ್ರೀಡೆಗಳಲ್ಲಿ ಇಂಡಿಯಾದ ಮೊದಲ ಪದಕ ಅದೇ. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕಂಚು. ನಡುವೆ ವಾಯುಪಡೆಯಲ್ಲಿ ನೌಕರಿ. ಒಬ್ಬ ಕಾಲೇಜು ಕೋಚಿನ ಕಣ್ಣು ಸರಿಯಾಗಿ ಬಿದ್ದರೆ ಒಂದು ಮನೆತನ ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡಿ.

ನಮ್ಮ ಹುಡುಗರು ಅಲ್ಲಿಗೆ ಹೋಗುತ್ತಾರೆಂದು ಅವರನ್ನು ಬೈಯುವುದು ಸರಿಯಲ್ಲ. ಅನ್ನ ಹಾಕುವವರ ಮನೆಗೆ ಹಸಿದವ ಹೋಗೇ ಹೋಗುತ್ತಾನೆ. ಕೇಳಬೇಕಾದ್ದು, ನಾವು ಇಲ್ಲಿ ಏನು ಬೇಯಿಸಿದ್ದೇವೆ ಎಂದು.

ಊರು ಒಂದು, ಜರ್ಸಿ ನಾಲ್ಕು

ಇಲ್ಲಿ ಒಂದು ವಿಚಿತ್ರ ಇದೆ, ಬಹಳ ಮಂದಿಗೆ ಗೊತ್ತಿಲ್ಲ. ಹೈಸ್ಕೂಲಿನಲ್ಲಿ ಒಂದೇ ತಂಡದಲ್ಲಿ ಆಡಿದ ನಾಲ್ವರು ಗೆಳೆಯರು ನವನಗರ, ವಿದ್ಯಾಗಿರಿಯಲ್ಲೇ ಉಳಿದು ಓದಿದರೂ ಮುಂದೆ ಒಟ್ಟಿಗೆ ಆಡುವುದು ಕಷ್ಟ. ಹೇಗೆ ಅಂತೀರಾ?

ಒಬ್ಬ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಸೇರಿದ ಅನ್ನಿ. 1963ರ ಕಾಲೇಜು, ಹೆಸರಾದ ಕಾಲೇಜು. ವಿಶ್ವವಿದ್ಯಾಲಯದ ತಂಡಕ್ಕೆ ಬಂದಾಗ ಅವನು ಬೆಳಗಾವಿಯ ವಿ.ಟಿ.ಯು. ಆಟಗಾರ. ಎರಡನೆಯವನಿಗೆ ನಿಜಲಿಂಗಪ್ಪ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅವನದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿ.ವಿ. ಮೂರನೆಯವ 2008ರಲ್ಲಿ ಇಲ್ಲೇ ಸ್ಥಾಪನೆಯಾದ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಹೋದ. ಅವರಿಗೆ ಕೃಷಿ ವಿಶ್ವವಿದ್ಯಾಲಯಗಳ ಕ್ರೀಡಾಕೂಟವೇ ಬೇರೆ ಇದೆ. ನಾಲ್ಕನೆಯವ ಬಿ.ಎ., ಬಿ.ಕಾಂ. ಓದುತ್ತಾನೆ. ನಮ್ಮ ಡಿಗ್ರಿ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿ.ವಿ.ಗೆ ಸೇರಿದ್ದವು, 2010ರಿಂದ ಬೆಳಗಾವಿಯ ರಾಣಿ ಚನ್ನಮ್ಮ ವಿ.ವಿ.ಗೆ. 2023ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿ.ವಿ. ಶುರುವಾಯಿತು.

ಅಂದರೆ ನಾಲ್ಕು ಮಂದಿಗೆ ನಾಲ್ಕು ಬಣ್ಣದ ಜರ್ಸಿ! ಊರಲ್ಲಿ ಸಂಜೆ ಒಂದೇ ರಿಂಗಿಗೆ ಚೆಂಡು ಹಾಕಬಹುದು, ಪಂದ್ಯದಲ್ಲಿ ಎದುರಾಳಿಗಳು. ಐದು ಮಂದಿಯ ತಂಡ ಕಟ್ಟಲು ಒಂದು ಕಾಲೇಜಿಗೆ ಹುಡುಗರು ಸಾಲದೆ ಇರುವುದಕ್ಕೆ ಇದೂ ಒಂದು ಕಾರಣ.

ಮತ್ತೆ ಈ ಸೀಟುಗಳನ್ನು ಕೊಡುವುದು ಕೋಚಿನ ಕೈಯಲ್ಲಿದೆಯೇ? ಬಹುತೇಕ ಇಲ್ಲ. ಇಂಜಿನಿಯರಿಂಗ್, ತೋಟಗಾರಿಕೆ ಸರಕಾರಿ ಸೀಟಿಗೆ ಸಿ.ಇ.ಟಿ., ಮೆಡಿಕಲ್ಲಿಗೆ ನೀಟ್. ಸಿ.ಇ.ಟಿ.ಯಲ್ಲಿ ಕ್ರೀಡಾ ಕೋಟಾ ಎಂಬುದು ಉಂಟು, ಸೀಟು ಬಹಳ ಕಡಿಮೆ. ಅಂತಾರಾಷ್ಟ್ರೀಯ, ರಾಷ್ಟ್ರೀಯ ಎಂದು ಪ್ರಮಾಣ ಪತ್ರಗಳನ್ನು ಶ್ರೇಣಿ ಹಚ್ಚಿ ನೋಡುತ್ತಾರೆ. ಹುಡುಗ ಆರಡಿ ಮೂರಿಂಚು ಇದ್ದಾನೆಂದು ಯಾರೂ ಸೀಟು ಬರೆದುಕೊಡುವುದಿಲ್ಲ. ಖಾಸಗಿ ಆಡಳಿತ ಮಂಡಳಿಗಳು ತಮ್ಮ ಕೈಯಲ್ಲಿರುವ ಸೀಟಿಗೆ ಫೀ ಮಾಫಿ ಮಾಡಬಹುದು, ಹಾಸ್ಟೆಲು ಕೊಡಬಹುದು, ಬೂಟು ಡ್ರೆಸ್ಸು ಕೊಡಿಸಬಹುದು. ಕಾಲೇಜಿನವರು ತಾವಾಗಿ ಕೊಡಬಹುದಾದ್ದು ಹೆಚ್ಚುಕಡಿಮೆ ಇಷ್ಟೇ. ಇದಕ್ಕಿಂತ ಹೆಚ್ಚಿನ ಮಾತು ಯಾರಾದರೂ ಆಡಿದರೆ ಅಪ್ಪಂದಿರು ಕಿವಿಯ ಜತೆ ಕಣ್ಣನ್ನೂ ತೆರೆದಿಟ್ಟುಕೊಳ್ಳುವುದು ಒಳ್ಳೆಯದು.

ಎರಡು ವರ್ಷದ ಹಳ್ಳ

ಈಗ ಅಸಲಿ ಮಾತಿಗೆ ಬರೋಣ. ಹೈಸ್ಕೂಲಿನ ಹುಡುಗನನ್ನು ಕಾಲೇಜು ತಂಡಕ್ಕೆ ಸೇರಿಸಿಕೊಳ್ಳುವುದು ಎಂದು ಸಲೀಸಾಗಿ ಹೇಳುತ್ತೇವೆ. ಅಮೇರಿಕದಲ್ಲಿ ಅದು ನೇರ ದಾರಿ, ಹೈಸ್ಕೂಲು ಮುಗಿದರೆ ಕಾಲೇಜು. ನಮ್ಮಲ್ಲಿ ನಡುವೆ ಒಂದು ಹಳ್ಳ ಇದೆ. ಅದರ ಹೆಸರು ಪಿ.ಯು.ಸಿ.

ಅಂತರ ವಿಶ್ವವಿದ್ಯಾಲಯ ಪಂದ್ಯ ಆಡಲು ಡಿಗ್ರಿಗೆ ಸೇರಿರಬೇಕು, ವಯಸ್ಸು 17 ತುಂಬಿರಬೇಕು, 25 ದಾಟಿರಬಾರದು. ಪಿ.ಯು. ಹುಡುಗರ ಕೂಟ ಬೇರೆ, ಅದು ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಹತ್ತಿ ಶಾಲಾ ಕ್ರೀಡಾ ಫೆಡರೇಷನ್ನಿನ 19 ವರ್ಷದೊಳಗಿನವರ ರಾಷ್ಟ್ರೀಯ ಕೂಟಕ್ಕೆ ಮುಟ್ಟುತ್ತದೆ. ಹೀಗಾಗಿ ಹತ್ತನೇ ಇಯತ್ತೆಯ ಹುಡುಗನನ್ನು ಇವತ್ತು ಆರಿಸಿದ ಡಿಗ್ರಿ ಕಾಲೇಜಿಗೆ ಅವನ ಆಟದ ಫಲ ಸಿಗುವುದು ಎರಡು ವರ್ಷದ ಮೇಲೆ. ಎರಡು ವರ್ಷ ಅವನಿಗೆ ಉಣಿಸುವವರು ಯಾರು? ಆಡಿಸುವವರು ಯಾರು?

ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರಿದ್ದರು. ಬೆಳಿಗ್ಗೆ ಆರಕ್ಕೆ ಸೀಟಿ ಊದಿ ಓಡಿಸುತ್ತಿದ್ದರು, ತಪ್ಪಿದರೆ ಬೈಯುತ್ತಿದ್ದರು, ಗೆದ್ದರೆ ತಮ್ಮ ಕಿಸೆಯಿಂದ ಮಂಡಕ್ಕಿ ಮಿರ್ಚಿ ಕೊಡಿಸುತ್ತಿದ್ದರು. ಪಿ.ಯು.ಗೆ ಬಂದರೆ ಹಲವು ಕಡೆ ಆ ಸೀಟಿಯೇ ಇಲ್ಲ. ಜತೆಗೆ ಸೈನ್ಸು ತಗೊಂಡ ಹುಡುಗನಿಗೆ ಬೆಳಿಗ್ಗೆ ಟ್ಯೂಷನ್, ಹಗಲು ಕಾಲೇಜು, ಸಂಜೆ ಮತ್ತೆ ಟ್ಯೂಷನ್. 75ರಷ್ಟು ಹಾಜರಿ ಕಡ್ಡಾಯ. ಈ ವರದಿಗಾರನೂ ಪಿ.ಯು.ಸಿ.ಯ ಬೆಂಚು ಅರ್ಧಕ್ಕೆ ಬಿಟ್ಟು ಎದ್ದು ಬಂದವನೇ. ಆ ಎರಡು ವರ್ಷ ಹುಡುಗರನ್ನು ಹೇಗೆ ಹಿಂಡುತ್ತದೆ ಎಂಬುದು ಪುಸ್ತಕ ಓದಿ ತಿಳಿದದ್ದಲ್ಲ.

ಫಲ ಏನಾಗುತ್ತದೆ? ಹತ್ತನೇ ಇಯತ್ತೆಯಲ್ಲಿ ಜಿಲ್ಲೆ ಗೆಲ್ಲಿಸಿದ ಹುಡುಗ ಎರಡು ವರ್ಷ ಚೆಂಡು ಮುಟ್ಟುವುದಿಲ್ಲ. ಡಿಗ್ರಿಗೆ ಬಂದಾಗ ಎತ್ತರ ಇದೆ, ಉಸಿರು ಇಲ್ಲ. ಅದೇ ವಯಸ್ಸಿನ ಬೆಂಗಳೂರಿನ ವಿದ್ಯಾನಗರ ಕ್ರೀಡಾ ನಿಲಯದ ಹುಡುಗ ಆ ಎರಡು ವರ್ಷವೂ ದಿನಕ್ಕೆ ಎರಡು ಹೊತ್ತು ಆಡಿರುತ್ತಾನೆ. ಇಬ್ಬರನ್ನೂ ಒಂದೇ ಕೋರ್ಟಿಗೆ ಇಳಿಸಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಕರಾವಳಿಯವರು ಗೆದ್ದದ್ದು ಈ ಹಳ್ಳಕ್ಕೆ ಸೇತುವೆ ಕಟ್ಟಿ. ಪಿ.ಯು. ಕಾಲೇಜೂ ತಮ್ಮದೇ, ಡಿಗ್ರಿ ಕಾಲೇಜೂ ತಮ್ಮದೇ, ಹಾಸ್ಟೆಲೂ ತಮ್ಮದೇ. ಹತ್ತು ಮುಗಿಸಿದವನನ್ನು ಒಳಗೆ ಕರೆದುಕೊಂಡರೆ ಡಿಗ್ರಿ ಮುಗಿಯುವವರೆಗೆ ಒಬ್ಬರೇ ಕೋಚಿನ ಕಣ್ಣಳತೆಯಲ್ಲಿ ಇರುತ್ತಾನೆ. ಹಾಗಾದರೆ ನಮ್ಮಲ್ಲಿ ಅಂಥ ವ್ಯವಸ್ಥೆಗೆ ಅನುಕೂಲ ಇಲ್ಲವೇ? ಇದೆಯಲ್ಲ! 1906ರಲ್ಲಿ ಹುಟ್ಟಿದ ಬಿ.ವಿ.ವಿ. ಸಂಘದ ಆಡಳಿತದಲ್ಲಿ ಹೈಸ್ಕೂಲಿನಿಂದ ಹಿಡಿದು ಪಿ.ಯು., ಡಿಗ್ರಿ, ಇಂಜಿನಿಯರಿಂಗ್, ಮೆಡಿಕಲ್‌ವರೆಗೆ ಎಲ್ಲವೂ ಇವೆ. ಇಂಥ ದೊಡ್ಡ ಸಂಸ್ಥೆ ವರ್ಷಕ್ಕೆ ಹತ್ತು ಹುಡುಗರು, ಹತ್ತು ಹುಡುಗಿಯರನ್ನು ಎಸ್.ಎಸ್.ಎಲ್.ಸಿ. ಮುಗಿದ ಕೂಡಲೇ ಕೈಹಿಡಿದರೆ ಐದು ವರ್ಷದಲ್ಲಿ ಜಿಲ್ಲೆಯ ಆಟದ ಚಿತ್ರವೇ ಬದಲಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಹಣದ ಮಾತಿಗಿಂತ ಮನಸ್ಸಿನ ಮಾತು ಇದು.

ಕೋರ್ಟಿನ ಬಗ್ಗೆಯೂ ಒಂದು ಮಾತು. ಕಬಡ್ಡಿಗೆ ನೆಲ ಹದ ಮಾಡಿ ಸುಣ್ಣ ಎಳೆದರೆ ಆಯಿತು. ಬಾಸ್ಕೆಟ್‌ಬಾಲಿಗೆ ಗಟ್ಟಿ ನೆಲ ಬೇಕು, ಚೆಂಡು ಪುಟಿಯಬೇಕಲ್ಲ! ನಮ್ಮ ಎರೆ ನೆಲವೋ, ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ತಳಕ್ಕೆ ಗರಸು ತುಂಬಿ ಒತ್ತದೆ ಮೇಲೆ ಸಿಮೆಂಟು ಹಾಕಿದರೆ ಎರಡು ವರ್ಷದಲ್ಲಿ ಬಿರುಕು. ಬಿರುಕಿನ ಅಂಗಳದಲ್ಲಿ ಆಡಿದ ಹುಡುಗನ ಪಾದ ಹೊರಳುತ್ತದೆ. ಗುತ್ತಿಗೆದಾರರು ಬಿಲ್ಲು ಎತ್ತಿದ ಮೇಲೆ ಈ ಕಡೆ ತಿರುಗಿ ನೋಡುವುದಿಲ್ಲ. ಅದು ಬೇರೆಯೇ ವರದಿಯ ಸರಕು, ಇಲ್ಲಿ ಬೇಡ.

ಏಳಡಿ ಹುಡುಗನ ಕಥೆ

ಹಳ್ಳಿಯ ಎತ್ತರದ ಹುಡುಗನಿಗೆ ಏನೇನು ಆಗಬಹುದು ಎಂಬುದಕ್ಕೆ ಪಂಜಾಬಿನ ಸತ್ನಾಮ್ ಸಿಂಗ್ ಭಮಾರಾ ಉದಾಹರಣೆ. ಬಲ್ಲೋ ಕೆ ಎಂಬ ಹಳ್ಳಿ, ರೈತನ ಮಗ, ಅಪ್ಪನೂ ಬಲು ಎತ್ತರ. ಚಿಕ್ಕ ವಯಸ್ಸಿನಲ್ಲೇ ಲೂಧಿಯಾನದ ಅಕಾಡೆಮಿಗೆ ಸೇರಿಸಿದರು. ಅಲ್ಲಿ ಕೋಚ್ ಸುಬ್ರಮಣಿಯನ್ ತಿದ್ದಿದರು. 2010ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಇಂಗ್ಲಿಷು ಬಾರದ ಹುಡುಗ ಅಮೇರಿಕದ ಫ್ಲಾರಿಡಾದ ಐ.ಎಂ.ಜಿ. ಅಕಾಡೆಮಿಗೆ ಹೋದ. ಏಳು ಅಡಿ ಎರಡು ಇಂಚು ಬೆಳೆದ. 2015ರಲ್ಲಿ ಕಾಲೇಜಿನ ಮೆಟ್ಟಿಲು ಹತ್ತದೆ ನೇರವಾಗಿ ಅಲ್ಲಿಯ ದೊಡ್ಡ ಲೀಗು ಎನ್.ಬಿ.ಎ.ಯ ಡಲ್ಲಾಸ್ ತಂಡಕ್ಕೆ 52ನೆಯ ಆಯ್ಕೆಯಾದ. ಇಂಡಿಯಾದಲ್ಲಿ ಹುಟ್ಟಿ ಹಾಗೆ ಆಯ್ಕೆಯಾದವರಲ್ಲಿ ಮೊದಲಿಗ. ಪೇಪರುಗಳಲ್ಲಿ ಫೋಟೋವೇ ಫೋಟೋ.

ಕಥೆಯ ಉಳಿದರ್ಧ ಅಷ್ಟು ಮಂದಿಗೆ ಗೊತ್ತಿಲ್ಲ. ಆ ಲೀಗಿನ ಒಂದು ಅಧಿಕೃತ ಪಂದ್ಯವನ್ನೂ ಅವನು ಆಡಲಿಲ್ಲ. 2020ರಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಎರಡು ವರ್ಷದ ನಿಷೇಧ ಬಂತು. ಆಮೇಲೆ ಅಮೇರಿಕದ ಪ್ರದರ್ಶನ ಕುಸ್ತಿ ಕಂಪನಿ ಸೇರಿದ. ಹೊಟ್ಟೆ ತುಂಬಿತು ನಿಜ. ಆದರೆ ಬಾಸ್ಕೆಟ್‌ಬಾಲಿನಿಂದ ಅಲ್ಲ.

ಅಮೇರಿಕದ ಕಾಲೇಜುಗಳ ವ್ಯವಹಾರವೇ ಬೇರೆ ಬಿಡಿ. ಅಲ್ಲಿ ಕೋಚುಗಳು ಹೈಸ್ಕೂಲು ಹುಡುಗರ ಮನೆಗೆ ಹೋಗಿ ಸೋಫಾದ ಮೇಲೆ ಕುಳಿತು ಅಪ್ಪ ಅವ್ವನ ಮನವೊಲಿಸುತ್ತಾರೆ. ಎಷ್ಟು ಸಲ ಭೇಟಿಯಾಗಬಹುದು, ಯಾವ ತಿಂಗಳು ಮಾತಾಡಬಾರದು ಎಂಬುದಕ್ಕೂ ಕಾನೂನು ಪುಸ್ತಕ ಇದೆ. ಫೀ, ಊಟ, ವಸತಿ, ಪುಸ್ತಕ ಎಲ್ಲ ಸೇರಿದ ಸ್ಕಾಲರ್‌ಷಿಪ್ಪು ಕಾಗದದ ಮೇಲೆ ಬರುತ್ತದೆ. ಆಟಗಾರನಿಗೆ ಕಾಸು ಕೊಡಕೂಡದು ಎಂದು ಬಹಳ ಕಾಲ ಪಟ್ಟು ಹಿಡಿದಿದ್ದರು. 2021ರಲ್ಲಿ ತನ್ನ ಹೆಸರು, ಫೋಟೋ ಮಾರಿ ದುಡಿಯಲು ಬಿಟ್ಟರು. 2025ರಿಂದ ಕಾಲೇಜೇ ನೇರವಾಗಿ ಹಣ ಕೊಡಬಹುದೆಂದು ಆಯಿತು. ನಮಗೆ ಅಷ್ಟು ಬೇಡ. ಆದರೆ 'ಕಾಗದದ ಮೇಲೆ' ಎಂಬ ಒಂದು ಮಾತು ಅವರಿಂದ ಕಲಿಯಬಹುದು.

ಬಾಯಿಮಾತು, ಬರೆದ ಮಾತು

ನಮ್ಮಲ್ಲಿ ಎಲ್ಲ ಬಾಯಿಮಾತು. "ಹುಡುಗನ್ನ ಕಳಸ್ರಿ ಸಾಹುಕಾರ್ರ, ಎಲ್ಲಾ ನಾವು ನೋಡ್ಕೋತೀವಿ." ಎಲ್ಲಾ ಅಂದರೆ ಏನು? ಫೀ ಪೂರ್ತಿಯೋ ಅರ್ಧವೋ? ಮೆಸ್ಸಿನ ಬಿಲ್ಲು ಯಾರದು? ರಜೆಗೆ ಊರಿಗೆ ಬರುವ ಬಸ್ಸಿನ ಚಾರ್ಜು? ಮುಖ್ಯವಾದ ಮಾತು, ಮೊಣಕಾಲಿನ ನರ ಹರಿದು ಒಂದು ವರ್ಷ ಆಡಲಾಗದಿದ್ದರೆ ಆ ವರ್ಷದ ಫೀ ಮಾಫಿ ಉಳಿಯುತ್ತದೆಯೋ, ಹೋಗುತ್ತದೆಯೋ? ಬಾಸ್ಕೆಟ್‌ಬಾಲಿನಲ್ಲಿ ಜಿಗಿದು ಇಳಿಯುವಾಗ, ಗಕ್ಕನೆ ತಿರುಗುವಾಗ ಮೊಣಕಾಲಿಗೆ ಪೆಟ್ಟು ಬೀಳುವುದು ಅಪರೂಪವಲ್ಲ. ಆಪರೇಷನ್ ಆದರೆ ತಿಂಗಳುಗಟ್ಟಲೆ ವಿಶ್ರಾಂತಿ. ಅಂಥ ಹೊತ್ತಿನಲ್ಲೇ ಕಾಲೇಜಿನ ನಿಜವಾದ ಮುಖ ಕಾಣುವುದು.

ಒಳ್ಳೆಯ ಸಂಸ್ಥೆಯವರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಲೆಟರ್‌ಹೆಡ್ಡಿನ ಮೇಲೆ ಬರೆದು ಕೊಡುತ್ತಾರೆ. ಬರೆದು ಕೊಡಲು ಹಿಂದೆ ಮುಂದೆ ನೋಡುವವರ ಬಾಗಿಲು ದಾಟಿ ಮುಂದೆ ಹೋಗುವುದು ಲೇಸು.

ಇನ್ನೊಂದು ಪಿಡುಗು ವಯಸ್ಸಿನದು. 17ರ ಕೂಟದಲ್ಲಿ 19ರ ಹುಡುಗನನ್ನು ಆಡಿಸಿದರೆ ಕಪ್ಪು ಬರುತ್ತದೆ ಎಂದು ಜನ್ಮ ದಾಖಲೆಯನ್ನೇ ತಿದ್ದಿಸುವ ಭೂಪರು ದೇಶದ ಎಲ್ಲ ಕಡೆ ಇದ್ದಾರೆ. "ಎರಡ್ ವರ್ಷ ಕಡಿಮಿ ಬರಸ್ರಿ, ಹುಡುಗ ನ್ಯಾಷನಲ್ ಆಡ್ತಾನ" ಎಂದು ಯಾರಾದರೂ ಕಿವಿಯಲ್ಲಿ ಊದಿದರೆ ತಂದೆಯಾದವನು ಅಲ್ಲೇ ಕೈಮುಗಿದು ಕಳಿಸಬೇಕು. ಎಲುಬಿನ ಎಕ್ಸ್‌ರೇ ತೆಗೆದು ವಯಸ್ಸು ಅಂದಾಜು ಮಾಡುವ ಪರೀಕ್ಷೆ ಬಂದಿದೆ. ಸಿಕ್ಕಿಬಿದ್ದರೆ ನಿಷೇಧ ಹುಡುಗನಿಗೆ, ಊದಿದವನಿಗಲ್ಲ. ಮುಂದೆ ನೌಕರಿಯ ಕಾಗದಪತ್ರ ತೆಗೆದಾಗ ಎರಡು ಜನ್ಮ ತಾರೀಖು ಕಂಡರೆ ಅದೂ ಹೋಯಿತು.

ಹುಡುಗಿಯರ ಮಾತು

ಹುಡುಗಿಯರ ವಿಷಯ ಇನ್ನೂ ಸೂಕ್ಷ್ಮ. ಗುಳೇದಗುಡ್ಡದಲ್ಲಿ ಖಣ ನೇಯುವ ಮನೆಯಲ್ಲೋ, ಇಳಕಲ್ಲಿನಲ್ಲಿ ಸೀರೆ ನೇಯುವ ಮನೆಯಲ್ಲೋ ಐದಡಿ ಒಂಬತ್ತಿಂಚು ಬೆಳೆದ ಹುಡುಗಿ ಇದ್ದರೆ ಅವ್ವನಿಗೆ ಒಂದೇ ಚಿಂತೆ: "ಇಕೀಗಿ ಎತ್ತರದ ವರ ಎಲ್ಲಿಂದ ತರೂದು?" ಕೋಚು ಅದೇ ಹುಡುಗಿಯನ್ನು ಕಂಡರೆ ದೇವರು ಕಂಡಂತೆ ನಿಲ್ಲುತ್ತಾನೆ. ಒಂದೇ ಎತ್ತರ, ಇಬ್ಬರ ಕಣ್ಣಿಗೆ ಎರಡು ತೂಕ!

ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಕರ್ನಾಟಕದಲ್ಲಿ ಕಡಿಮೆಯದಲ್ಲ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲೇ ಇಂಡಿಯಾದ ಮಹಿಳಾ ತಂಡ ಏಷ್ಯಾ ಕಪ್ಪಿನ ಬಿ ವಿಭಾಗ ಗೆದ್ದು ಎ ವಿಭಾಗಕ್ಕೆ ಏರಿತು. ಚೆಂಡು ಕೂಡ ಗಂಡಸರದಕ್ಕಿಂತ ಒಂದು ನಂಬರು ಸಣ್ಣದು, ಅವರದು ಏಳು, ಇವರದು ಆರು. ರೈಲ್ವೆ ಇಲಾಖೆ ಮೊದಲಿನಿಂದಲೂ ಮಹಿಳಾ ಆಟಗಾರ್ತಿಯರಿಗೆ ನೌಕರಿ ಕೊಡುತ್ತ ಬಂದಿದೆ. ನಮ್ಮ ನೈರುತ್ಯ ರೈಲ್ವೆಯ ಹೆಡ್ಡಾಫೀಸು ಇರುವುದು ಹುಬ್ಬಳ್ಳಿಯಲ್ಲಿ, ದೂರವೇನಲ್ಲ.

ಆದರೆ ಹದಿನಾರರ ಮಗಳನ್ನು ರಾತ್ರಿ ಬಸ್ಸು ಹತ್ತಿಸಿ ಘಟ್ಟದ ಕೆಳಗೆ ಕಳಿಸು ಎಂದರೆ ಎಷ್ಟು ಮನೆಯವರು ಒಪ್ಪುತ್ತಾರೆ? ಹುಡುಗ ಹೊರಗೆ ಹೋಗಿಯಾದರೂ ಆಡುತ್ತಾನೆ, ಹುಡುಗಿಯ ಆಟ ಎಸ್.ಎಸ್.ಎಲ್.ಸಿ. ಪರೀಕ್ಷೆಯ ದಿನವೇ ಮುಗಿಯುತ್ತದೆ. ಊರಲ್ಲಿಯೇ ತಂಡ ಬೇಕು, ಊರಲ್ಲಿಯೇ ಮಹಿಳಾ ಕೋಚು ಬೇಕು, ಸಂಜೆ ಏಳಕ್ಕೆ ಅಭ್ಯಾಸ ಮುಗಿದರೆ ಹಳೇ ಊರಿನತ್ತ ಹೋಗಲು ಬಸ್ಸು ಬೇಕು ಎಂದು ನಾವು ಬರೆಯುವುದು ಇದಕ್ಕಾಗಿ. ಹಿನ್ನೀರು ಬಂದಾಗ ಊರನ್ನೇ ಎತ್ತಿ ಇಲ್ಲಿ ತಂದಿಟ್ಟವರಿಗೆ ಇದು ಭಾರವಾದೀತೇ?

ಕಳಿಸುವವರು ಗಮನಿಸಿ

ಈ ಜೂನಿನಲ್ಲಿ ಮಗನನ್ನೋ ಮಗಳನ್ನೋ ಕಳಿಸಲೇಬೇಕೆಂದು ನಿಶ್ಚಯಿಸಿದವರು ಮೊದಲು ಒಂದು ಸಲ ತಾವೇ ಹೋಗಿ ಹಾಸ್ಟೆಲು ನೋಡಿ ಬರಲಿ. ಮಲಗುವ ಕೋಣೆ, ಉಣ್ಣುವ ಜಾಗ, ಸಂಡಾಸು ಈ ಮೂರನ್ನೂ ಕಣ್ಣಾರೆ ಕಾಣಬೇಕು. ಅಲ್ಲಿ ಈಗಾಗಲೇ ಇರುವ ನಮ್ಮ ಕಡೆಯ ಹುಡುಗರನ್ನು ಕೋಚು ಇಲ್ಲದಾಗ ಬದಿಗೆ ಕರೆದು ಮಾತಾಡಿಸಬೇಕು, ಅವರು ಸುಳ್ಳು ಹೇಳುವುದಿಲ್ಲ. ಪಾಸಾಗಿ ಹೊರಬಿದ್ದ ಆಟಗಾರರು ಈಗ ಎಲ್ಲಿದ್ದಾರೆ, ಡಿಗ್ರಿ ಮುಗಿಸಿದರೋ ಇಲ್ಲವೋ ಎಂದು ಕೇಳಬೇಕು. ಸೈನ್ಸೋ ಆರ್ಟ್ಸೋ ಕಾಮರ್ಸೋ ಎಂಬುದನ್ನು ಹುಡುಗನೇ ಆರಿಸಲಿ, ತಂಡದ ಟೈಮ್‌ಟೇಬಲ್ಲಿಗೆ ಹೊಂದುತ್ತದೆಂದು ಯಾರೋ ಆರಿಸುವುದು ಬೇಡ. ಜನ್ಮ ದಾಖಲೆ, ಮಾರ್ಕ್ಸ್ ಕಾರ್ಡು, ತಾಲ್ಲೂಕು ಮಟ್ಟದಿಂದ ಹಿಡಿದು ಆಡಿದ ಪ್ರತಿ ಕೂಟದ ಸರ್ಟಿಫಿಕೇಟು ಎಲ್ಲಕ್ಕೂ ಎರಡೆರಡು ಝೆರಾಕ್ಸ್ ತೆಗೆಸಿ ಒಂದು ಸೆಟ್ಟು ಮನೆಯ ಟ್ರಂಕಿನಲ್ಲಿ ಇಟ್ಟುಕೊಳ್ಳಿ. ಮೂಲ ಸರ್ಟಿಫಿಕೇಟನ್ನು ತೋರಿಸಿದ ಮೇಲೆ ವಾಪಸು ಪಡೆಯ ತಕ್ಕದ್ದು. 'ನಮ್ಮ ಹತ್ತಿರ ಇರಲಿ' ಎಂದರೆ ಇಡಬೇಡಿ. ನಡುವೆ ಹುಡುಗನಿಗೆ ಒಗ್ಗದೆ ಮರಳಿ ಊರಿಗೆ ಬರುವ ಮನಸ್ಸಾದರೆ, ಇಲ್ಲಿಯ ಕಾಲೇಜಿನ ಕೌಂಟರಿನಲ್ಲಿ ಮೊದಲು ಕೇಳುವುದು ಅದೇ ಕಾಗದ.